ಮದುವೆ ಕಳೆ

ಹುಟ್ಟಿದಾಗಿನಿಂದ ನಾನು ಅತ್ಯಂತ ಚೆಂದ ಕಂಡದ್ದು ನನ್ನ ಕಿಡ್ನಿಗಳು ಕೆಡುತ್ತಿದ್ದ ತಿಂಗಳುಗಳಲ್ಲಿ. ಇದು ನನ್ನ ಮಾತಲ್ಲ, ನೆಂಟರೆಲ್ಲ ಒಕ್ಕೊರಲಿನಿಂದ ಹೇಳಿದ್ದು. ಅಲ್ಲಿಯವರೆಗೆ ನಾನು ಕಡ್ಡಿ ಪೈಲ್ವಾನ್. ಮಾಡದಕೆರೆಯ ನಮ್ಮ ಮನೆಗೆ ಯಾರೇ ಬರಲಿ, ಮೊದಲು ನೀರು ಕುಡಿದು, ಆಮೇಲೆ ನನ್ನ ಕಡೆ ನೋಡಿ, ಮಗಳಿಗೆ ಊಟ ಹಾಕಲ್ವೇನ್ರೀ ಎಂದು ಅವ್ವನನ್ನು ಕೇಳುವುದು ವಾಡಿಕೆಯಾಗಿತ್ತು. ಅವ್ವ ನಕ್ಕು ಸುಮ್ಮನಾಗುತ್ತಿದ್ದಳು. ಅವರು ಅತ್ತ ಹೋಗುತ್ತಲೇ ನನ್ನ ತಟ್ಟೆಗೆ ಇನ್ನರ್ಧ ಮುದ್ದೆ ಬೀಳುತ್ತಿತ್ತು.

ಆ ವರ್ಷ ಶಿವರಾತ್ರಿ ಕಳೆಯುವ ಹೊತ್ತಿಗೆ ನನ್ನ ಮುಖ ದುಂಡಗಾಯಿತು. ಕೆನ್ನೆ ತುಂಬಿಕೊಂಡವು. ಮೂಗಿನ ಎರಡೂ ಬದಿಗೆ, ಯಾರೋ ಬೆರಳಲ್ಲಿ ಸವರಿದಂತೆ, ಕೆಂಪು ಹರಡಿತು. ರಾಮಗಿರಿಯಿಂದ ಬಂದಿದ್ದ ನನ್ನ ಸೋದರತ್ತೆ ಗಿರಿಜತ್ತೆ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ‘ಅತ್ತಿಗೆ, ನೋಡ್ರಿ ಇಲ್ಲಿ. ಹುಡುಗಿಗೆ ಮದುವೆ ಕಳೆ ಬಂದೈತೆ’ ಅಂದಳು.

ಮದುವೆ ಕೂಡಿ ಬರುವ ಹುಡುಗಿಯರ ಮುಖಕ್ಕೆ ಆ ಕಳೆ ತಾನಾಗಿ ಬರುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನೂ ನಂಬಿದೆ. ನಂಬದೇ ಇರಲು ಕಾರಣವೇ ಇರಲಿಲ್ಲ, ಕನ್ನಡಿಯೂ ಅದನ್ನೇ ಹೇಳುತ್ತಿತ್ತು. ಗಿರಿಜತ್ತೆ ಅದೇ ವಾರ ಹೊಳಲ್ಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಒಂದು ಮನೆಯವರಿಗೆ ನನ್ನ ವಿಷಯ ಹೇಳಿದಳು.

ಆಗ ನಾನು ಹೊಸದುರ್ಗದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಪ್ರಾರ್ಥನೆಗೆ ಮಕ್ಕಳ ಜೊತೆ ಮೈದಾನದಲ್ಲಿ ನಿಂತರೆ ಮುಖ ಉರಿಯುತ್ತಿತ್ತು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತಿರಲಿಲ್ಲ, ಟೂತ್‌ಪೇಸ್ಟಿನ ಮುಚ್ಚಳ ತೆಗೆಯಲು ಅವ್ವನನ್ನು ಕೂಗುತ್ತಿದ್ದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಬಾಯಲ್ಲಿ ಹುಣ್ಣು. ಸಂಜೆಯಾದರೆ ಮೈ ಬೆಚ್ಚಗೆ.

ಇವು ಒಂದೇ ದಿನ ಬಂದವಲ್ಲ. ಒಂದೊಂದಾಗಿ ಬಂದವು, ನೆಂಟರು ಬಂದ ಹಾಗೆ, ಒಬ್ಬರಿಗೊಬ್ಬರು ಪರಿಚಯವಿಲ್ಲದವರಂತೆ. ಒಂದೊಂದಕ್ಕೂ ನಮ್ಮ ಮನೆಯಲ್ಲಿ ಒಂದೊಂದು ಕಾರಣ ಸಿದ್ಧವಾಗಿತ್ತು. ಕೂದಲು ಉದುರುವುದು ಬೋರ್‌ವೆಲ್ ನೀರಿಗೆ. ಬೆರಳು ಹಿಡಿಯುವುದು ಕೈ ಮಡಚಿಕೊಂಡು ಮಲಗುವುದಕ್ಕೆ. ಜ್ವರ ಬಿಸಿಲಿಗೆ. ಕಾಲು ಊದುವುದು ತರಗತಿಯಲ್ಲಿ ಇಡೀ ದಿನ ನಿಂತು ಪಾಠ ಹೇಳುವುದಕ್ಕೆ. ಬಾಯಿ ಹುಣ್ಣು ಉಷ್ಣಕ್ಕೆ. ಮೂತ್ರ ಕಡಿಮೆಯಾಗಿ ನೊರೆ ನೊರೆ ಹೋಗುವುದೂ ಉಷ್ಣಕ್ಕೇ.

ಉಷ್ಣಕ್ಕೆ ಔಷಧಿ ನಮ್ಮ ಮನೆಯಲ್ಲಿ ರಾಶಿ ಬಿದ್ದಿತ್ತು. ಅಪ್ಪನದು ಕಾಯಿ ವ್ಯಾಪಾರ. ತೋಟದಿಂದ ತೋಟಕ್ಕೆ ತಿರುಗಿ ತೆಂಗಿನಕಾಯಿ ಹಿಡಿದು ಪೇಟೆಯ ಮಂಡಿಗೆ ಹಾಕುತ್ತಾನೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರೆಷ್ಟು ತಿರುಳೆಷ್ಟು ಎಂದು ಹೇಳುವುದರಲ್ಲಿ ಅವನದು ಎತ್ತಿದ ಕೈ. ಮಗಳಿಗೆ ಉಷ್ಣವೆಂದು ತಿಳಿದ ಮೇಲೆ ದಿನಾ ಬೆಳಿಗ್ಗೆ ಎರಡು ಎಳನೀರು ತಾನೇ ಕೆತ್ತಿ ಕೊಡತೊಡಗಿದ. ಬೇರೆಯವರ ಕೈಗೆ ಮಚ್ಚು ಕೊಡುತ್ತಿರಲಿಲ್ಲ. ನಾನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಿದ್ದ.

ಹುಡುಗನ ಕಡೆಯವರು ಬರುವ ಹಿಂದಿನ ದಿನ ಅವ್ವ ನನ್ನನ್ನು ಹೊಸದುರ್ಗದ ಬಳೆ ಅಂಗಡಿಗೆ ಕರೆದುಕೊಂಡು ಹೋದಳು. ನಾನು ಚಿಕ್ಕವಳಿದ್ದಾಗಿನಿಂದ ಬಳೆ ತೊಡಿಸುವ ಮುಸ್ಲಿಂ ಅಜ್ಜಿ ಅದು. ನನ್ನ ಅಳತೆ ಅವಳಿಗೆ ಬಾಯಿಪಾಠ. ಕೈ ಹಿಡಿದು ಗಿಣ್ಣುಗಳನ್ನು ಒತ್ತಿದ್ದೇ ತಡ, ನಾನು ಕಿರುಚಿಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಳೆಯ ಅಳತೆಯ ಬಳೆ ಹತ್ತಲಿಲ್ಲ, ಅದಕ್ಕಿಂತ ದೊಡ್ಡದೂ ಹತ್ತಲಿಲ್ಲ. ಇನ್ನೂ ದೊಡ್ಡದನ್ನು ಹುಡುಕಿ ತೆಗೆಯುವಾಗ ಅಜ್ಜಿ, ಹುಡುಗಿ ಚೆನ್ನಾಗಿ ಆಗ್ಯಾಳೆ ಎಂದಳು. ಅವ್ವ ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಎಂದೂ ನೋಡಿರಲಿಲ್ಲ.

ಹೊಳಲ್ಕೆರೆಯವರು ಬಂದರು, ಉಪ್ಪಿಟ್ಟು ತಿಂದರು, ನೋಡಿದರು, ಒಪ್ಪಿದರು. ಹುಡುಗ ಮಾತು ಕಡಿಮೆ, ನಗು ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ನನಗೂ ಇಷ್ಟವಾದ. ಹೊರಡುವಾಗ ಅವನ ತಾಯಿ ನನ್ನ ಕೆನ್ನೆ ಸವರಿ, ‘ಹಿಂಗೇ ಇರವ್ವ, ಇಳೀಬ್ಯಾಡ’ ಅಂದರು. ಅವರು ಒಪ್ಪಿದ್ದು ನನ್ನನ್ನಲ್ಲ, ನನ್ನ ಕಾಯಿಲೆಯನ್ನು. ಅದು ನನಗೆ ಗೊತ್ತಾಗಲು ಇನ್ನೂ ಸ್ವಲ್ಪ ಸಮಯವಿತ್ತು.

ಡಾಕ್ಟರ ಹತ್ತಿರ ಹೋಗಲಿಲ್ಲವೇ ಎಂದು ಕೇಳುತ್ತೀರಿ. ಹೋಗಿದ್ದೆ. ಕೈ ನೋವಿಗೆ ಒಬ್ಬರ ಹತ್ತಿರ ಹೋದೆ, ನೋವಿನ ಮಾತ್ರೆ ಕೊಟ್ಟರು. ಸುಸ್ತಿಗೆ ಇನ್ನೊಬ್ಬರ ಹತ್ತಿರ, ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆ ಬರೆದರು. ಕೂದಲಿಗೆ ಮತ್ತೊಬ್ಬರು. ಅವರಲ್ಲಿ ಯಾರನ್ನೂ ನಾನು ದೂರುವುದಿಲ್ಲ. ಆಯಾ ವಾರ ಏನು ಕಾಡುತ್ತಿತ್ತೋ ಅದೊಂದನ್ನೇ ಹೇಳಿ, ಅದೊಂದಕ್ಕೇ ಚೀಟಿ ತಂದೆ. ಮೂತ್ರದ ನೊರೆಯನ್ನು ಯಾವ ಡಾಕ್ಟರಿಗೂ ಹೇಳಲಿಲ್ಲ. ಮದುವೆ ಗೊತ್ತಾದ ಹುಡುಗಿ ಅಂಥದನ್ನೆಲ್ಲ ಯಾರ ಮುಂದೆ ಹೇಳಬೇಕು? ಅವ್ವನಿಗೆ ಹೇಳಿದ್ದೆ, ಅವ್ವ ಅಪ್ಪನಿಗೆ ಎಳನೀರು ಕೊಡಲು ಹೇಳಿದ್ದಳು.

ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದರು. ಒಂದು ಮಧ್ಯಾಹ್ನ ಶಾಲೆಯ ಮೆಟ್ಟಿಲು ಹತ್ತುವಾಗ ಉಸಿರು ಸಿಗಲಿಲ್ಲ. ಕಾಲು ನನ್ನದಲ್ಲವೆನ್ನುವಷ್ಟು ಭಾರ. ಮೆಟ್ಟಿಲ ಮೇಲೇ ಕುಳಿತೆ, ಎದ್ದೇಳಲು ಆಗಲಿಲ್ಲ. ಅಪ್ಪ ಮಂಡಿಯಿಂದ ಹಾಗೇ ಬಂದ, ತಲೆಯ ಟವೆಲ್ ಕೂಡ ತೆಗೆದಿರಲಿಲ್ಲ. ಹೊಸದುರ್ಗದ ಡಾಕ್ಟರು ನೋಡಿ, ತಡ ಮಾಡಬೇಡಿ, ದುರ್ಗಕ್ಕೆ ಹೋಗಿ ಎಂದರು. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವವರೆಗೆ ಅವ್ವ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು, ದೃಷ್ಟಿ ಆಗಿದೆ, ದೃಷ್ಟಿ ಆಗಿದೆ ಎನ್ನುತ್ತಲೇ ಇದ್ದಳು.

ರಕ್ತ ತೆಗೆದರು, ಎದೆಗೆ ವೈರು ಅಂಟಿಸಿದರು. ಸ್ವಲ್ಪ ಹೊತ್ತಿಗೆ ಅಲ್ಲಿದ್ದವರ ನಡಿಗೆ ಚುರುಕಾಯಿತು. ಎರಡೂ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ, ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ, ಹೃದಯ ನಿಂತುಬಿಡಬಹುದು ಎಂದು ಒಬ್ಬ ಕಿರಿಯ ವೈದ್ಯರು ಅಪ್ಪನಿಗೆ ತಗ್ಗಿದ ದನಿಯಲ್ಲಿ ಹೇಳಿದರು. ತಗ್ಗಿಸಿದರೂ ನನಗೆ ಕೇಳಿಸಿತು. ಆಮೇಲೆ ಅವರು, ಮನೆಯಲ್ಲಿ ಏನು ತಿನ್ನುತ್ತಾಳೆ, ಏನು ಕುಡಿಯುತ್ತಾಳೆ ಎಂದು ಕೇಳಿದರು.

ಅಪ್ಪ ನೆಟ್ಟಗೆ ನಿಂತ. ಅಷ್ಟು ಹೊತ್ತಿನಿಂದ ಅವನಿಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ‘ಅದಕ್ಕೇನ್ ಕಮ್ಮಿ ಇಲ್ರಿ ಡಾಕ್ಟ್ರೇ. ದಿನಾ ಎರಡು ಎಳನೀರು ಕೊಡ್ತೀನಿ, ನಾನೇ ಕೆತ್ತಿ ಕೊಡ್ತೀನಿ’ ಅಂದ.

ವೈದ್ಯರು ಬರೆಯುವುದನ್ನು ನಿಲ್ಲಿಸಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಕಿಡ್ನಿ ಸರಿಯಿದ್ದವರಿಗೆ ಎಳನೀರು ಅಮೃತ, ಇವಳಿಗೆ ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹೋಗುವ ದಾರಿಯಿಲ್ಲ, ಇನ್ನು ಮೇಲೆ ಒಂದು ಹನಿಯೂ ಬೇಡ ಎಂದರು. ಅಪ್ಪ ತಲೆಯ ಟವೆಲ್ ತೆಗೆದು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ನಿನಗೆ ಗೊತ್ತಿರಲಿಲ್ಲ ಬಿಡಪ್ಪ ಎಂದು ಹೇಳಬೇಕೆನ್ನಿಸಿತು. ಮೂಗು, ಬಾಯಿಯ ಮೇಲೆ ಆಮ್ಲಜನಕದ ಮಾಸ್ಕ್ ಇತ್ತು.

ಹನಿ ಹನಿ ಔಷಧಿ ಏರಿ ಆ ಗಂಡಾಂತರ ಕಳೆಯಿತು. ಮರುದಿನ ದೊಡ್ಡ ಡಾಕ್ಟರು ಬಂದರು, ನಡುವಯಸ್ಸಿನ ಹೆಂಗಸು, ಕಾಟನ್ ಸೀರೆ. ಫೈಲು ನೋಡುವ ಮೊದಲು ನನ್ನ ಮುಖವನ್ನು ನೋಡಿದರು, ತುಂಬ ಹೊತ್ತು. ಅಷ್ಟು ದಿನ ಎಲ್ಲರೂ ನನ್ನ ಮುಖವನ್ನು ನೋಡಿದ್ದರು. ಇವರು ನೋಡಿದ ರೀತಿ ಬೇರೆಯಿತ್ತು. ಕಿಡ್ನಿಯ ಬಗ್ಗೆ ಏನೂ ಕೇಳಲಿಲ್ಲ. ಬೆಳಿಗ್ಗೆ ಎದ್ದಾಗ ಮುಷ್ಟಿ ಹಿಡಿಯಲು ಬರುತ್ತದಾ ಎಂದು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಅವ್ವ, ‘ಅದು ಕೈ ಮಡಚ್ಕೊಂಡು ಮಲಗ್ತಾಳ್ರಿ ಮೇಡಂ’ ಅಂದಳು.

‘ಕೂದಲು ಉದುರುತ್ತಾ?’

‘ಬೋರ್ ನೀರ್ರಿ.’

‘ಬಾಯಲ್ಲಿ ಹುಣ್ಣು?’

‘ಉಷ್ಣ’ ಎಂದಳು ಅವ್ವ. ಈ ಸಲ ದನಿ ಸಣ್ಣದಾಗಿತ್ತು. ತನ್ನ ಉತ್ತರಗಳನ್ನು ತಾನೇ ಮೊದಲ ಸಲ ಒಟ್ಟಿಗೆ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ.

‘ಕೆನ್ನೆ ಮೇಲೆ ಈ ಕೆಂಪು ಯಾವಾಗಿಂದ?’

ಅವ್ವ ಸೆರಗಿನ ತುದಿ ಹಿಡಿದು ನನ್ನನ್ನೇ ನೋಡಿದಳು. ಉತ್ತರ ನಾನೇ ಕೊಡಬೇಕಾಯಿತು. ಮದುವೆ ಮಾತು ಶುರುವಾದಾಗಿನಿಂದ ಎಂದೆ. ಮೇಡಂ ನಗಲಿಲ್ಲ. ಮಂಚದ ಅಂಚಿಗೆ ಕುಳಿತು, ‘ಇವೆಲ್ಲ ಬೇರೆ ಬೇರೆ ಅಲ್ಲಮ್ಮ. ಎಲ್ಲ ಒಂದೇ’ ಎಂದರು.

ಲೂಪಸ್ ಎಂಬ ಹೆಸರನ್ನು ನಾನು ಕೇಳಿದ್ದು ಅಂದೇ. ಮನೆ ಕಾಯಬೇಕಾದ ನಾಯಿಯೇ ಮನೆಯವರನ್ನು ಕಚ್ಚಲು ಶುರು ಮಾಡಿದಂತೆ, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಗೆ ಬಾಯಿ ಹಾಕಿದೆ, ಕೀಲು, ಚರ್ಮ, ಕೂದಲು ದಾಟಿ ಈಗ ಕಿಡ್ನಿಗೆ ಬಂದಿದೆ ಎಂದು ಮೇಡಂ ಹೇಳಿದರು. ಪ್ರಾಯದ ಹೆಣ್ಣುಮಕ್ಕಳಿಗೇ ಹೆಚ್ಚು ಬರುತ್ತದೆಯಂತೆ. ಯಾಕೆ ಕಚ್ಚುತ್ತದೆ ಎಂದು ಅಪ್ಪ ಕೇಳಿದ. ಗೊತ್ತಿಲ್ಲ ಎಂದರು. ಪೂರ್ತಿ ಹೋಗುತ್ತದಾ ಎಂದು ಕೇಳಿದ. ಕಟ್ಟಿ ಹಾಕಬಹುದು, ಓಡಿಸಲು ಆಗುವುದಿಲ್ಲ ಎಂದರು. ಕಿಡ್ನಿ ಉಳಿಯುತ್ತದಾ ಎಂದು ಅಪ್ಪ ಕೇಳಲಿಲ್ಲ. ನಾನು ಕೇಳಿದೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ಎಷ್ಟು ಉಳಿದಿದೆಯೋ ನೋಡಿ, ಉಳಿದದ್ದನ್ನು ಉಳಿಸಿಕೊಳ್ಳಲು ಹೋರಾಡೋಣ ಎಂದರು.

ಬೆನ್ನಿನಿಂದ ಸೂಜಿ ಹಾಕಿ ತೆಗೆಯುತ್ತಾರೆ, ಬೋರಲಾಗಿ ಮಲಗಬೇಕು. ನರ್ಸ್ ಬಂದು ಕಿವಿ, ಮೂಗು, ಕೊರಳಲ್ಲಿ ಇರುವುದನ್ನೆಲ್ಲ ತೆಗೆಯಿರಿ ಎಂದಳು. ಓಲೆ, ಮೂಗುಬೊಟ್ಟು, ಹೊಸ ಬಳೆ ಎಲ್ಲ ಅವ್ವ ಬಿಚ್ಚಿದಳು. ಕೊರಳಲ್ಲಿ ಲಿಂಗ ಕಟ್ಟಿದ್ದ ಶಿವದಾರಕ್ಕೆ ಕೈ ಬಂದಾಗ ನಿಂತಳು. ನಮ್ಮಲ್ಲಿ ಲಿಂಗ ಕಟ್ಟಿದ ಮೇಲೆ ಮೈಯಿಂದ ಬೇರೆ ಮಾಡುವುದಿಲ್ಲ. ಸ್ನಾನ, ನಿದ್ದೆ, ಹೆರಿಗೆ, ಯಾವುದಕ್ಕೂ ಇಲ್ಲ. ಕಳೆದುಕೊಂಡರೆ ಸಿಗುವವರೆಗೆ ನೀರು ಮುಟ್ಟದ ಹಿರಿಯರಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದಳು. ಅವ್ವ ನರ್ಸಿಗೆ, ‘ಬ್ಯಾರೆ ಏನ್ ಬೇಕಾದ್ರೂ ತೆಗಿತೀನ್ರಿ, ಇದನ್ನ ತೆಗೆಯಂಗಿಲ್ಲ’ ಅಂದಳು. ಲಿಂಗವಿಟ್ಟ ಕರಡಿಗೆ ಎದೆಯ ಕೆಳಗೆ ಒತ್ತುತ್ತದೆ, ಹುಡುಗಿ ಅಲ್ಲಾಡಿದರೆ ಸೂಜಿ ಎಲ್ಲೋ ಚುಚ್ಚುತ್ತದೆ ಎಂದು ನರ್ಸ್ ಸಮಾಧಾನದಿಂದಲೇ ಹೇಳಿದಳು.

ಆಮೇಲೆ ಅವ್ವ ತಾನೇ ದಾರವನ್ನು ನನ್ನ ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಎಡ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. ‘ನೀನು ಬರಾಗಂಟ ನನ್ನ ಕೈಯಾಗಿರ್ತೈತೆ, ಹೋಗು’ ಅಂದಳು.

ಒಳಗೆ ಮೇಡಂ ಉಸಿರು ಹಿಡಿ ಎಂದಾಗ ಹಿಡಿದೆ, ಬಿಡು ಎಂದಾಗ ಬಿಟ್ಟೆ. ಟಪ್ ಎಂದು ಸಣ್ಣ ಸದ್ದು, ಒಳಗೆ ಯಾರೋ ಚಿವುಟಿದಂತೆ. ಅಷ್ಟೇ. ನೋವಿಗಿಂತ ಕೊರಳು ಖಾಲಿಯಿದ್ದದ್ದೇ ನನಗೆ ಹೆಚ್ಚು ಗೊತ್ತಾಗುತ್ತಿತ್ತು. ಹೊರಗೆ ತಂದಾಗ ಅವ್ವ ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ಬೆಂಚು ಖಾಲಿಯಿತ್ತು, ಕುಳಿತಿರಲಿಲ್ಲ. ಅಪ್ಪ ಟೀ ತಂದುಕೊಟ್ಟಿದ್ದನಂತೆ, ಮುಟ್ಟಿರಲಿಲ್ಲ. ಮುಚ್ಚಿದ ಬೆರಳು ಬಿಡಿಸಲು ಬಲಗೈ ಸಹಾಯ ಬೇಕಾಯಿತು. ಅಂಗೈಯಲ್ಲಿ ಕರಡಿಗೆಯ ಅಚ್ಚು ಮೂಡಿತ್ತು.

ವರದಿ ಬರುವವರೆಗಿನ ದಿನಗಳನ್ನು ಹೇಗೆ ಹೇಳಲಿ? ವಾರ್ಡಿನ ಕಿಟಕಿಯಿಂದ ಕೋಟೆಯ ಬೆಟ್ಟದ ಒಂದು ತುಂಡು ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಕುಡಿಯುವ ನೀರಿಗೂ ಲೆಕ್ಕ, ಉಚ್ಚೆಗೂ ಲೆಕ್ಕ. ಅವ್ವ ಅಳತೆಯ ಡಬ್ಬಿ ಹಿಡಿದು ನರ್ಸಿನ ಹಿಂದೆ ಓಡಾಡುವಾಗ, ನಾಚಿಕೆ ಎನ್ನುವುದನ್ನು ನಾನು ಯಾವ ಬಾಗಿಲಲ್ಲಿ ಬಿಟ್ಟು ಬಂದೆನೋ ನೆನಪಾಗುತ್ತಿರಲಿಲ್ಲ. ಗಿರಿಜತ್ತೆ ಫೋನ್ ಮಾಡಿ, ಹೊಳಲ್ಕೆರೆಯವರು ನಿಶ್ಚಿತಾರ್ಥದ ದಿನ ಕೇಳ್ತಾ ಅವ್ರೆ ಏನ್ ಹೇಳಲಿ ಎಂದು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪ ಫೋನ್ ಹಿಡಿದು ಕಾರಿಡಾರಿನ ಕೊನೆಗೆ ಹೋಗುತ್ತಿದ್ದ.

ಅದೇ ಕಾರಿಡಾರಿನಲ್ಲಿ ನನಗೆ ಶಬೀನಾ ಸಿಕ್ಕಿದ್ದು. ಹಿರಿಯೂರಿನವಳು, ನನಗಿಂತ ಎರಡು ವರ್ಷ ದೊಡ್ಡವಳು. ಡಯಾಲಿಸಿಸ್‌ಗೆ ಬರುತ್ತಿದ್ದಳು. ಅವಳ ಪಾಳಿ ಬರುವವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಿದ್ದೆವು. ನಾನು ಬಾಯಾರಿಕೆಯಿಂದ ತುಟಿ ನೆಕ್ಕುತ್ತಿದ್ದುದನ್ನು ನೋಡಿ, ಪರ್ಸಿನಿಂದ ಒಂದು ಏಲಕ್ಕಿ ತೆಗೆದುಕೊಟ್ಟಳು. ‘ಕಚ್ಚಬ್ಯಾಡ, ಬಾಯಾಗೆ ಇಟ್ಕೋ. ನೀರು ಮರ್ತು ಹೋಗ್ತೈತೆ’ ಅಂದಳು. ಮರೆತುಹೋಗಲಿಲ್ಲ, ಆದರೆ ಸ್ವಲ್ಪ ತಡೆಯಿತು. ಆ ದಿನಗಳಲ್ಲಿ ಒಬ್ಬರು ಕೊಟ್ಟ ಏಲಕ್ಕಿ ಎಷ್ಟು ದೊಡ್ಡದೆಂದು ಅನುಭವಿಸಿದವರಿಗೇ ಗೊತ್ತು.

ಅವಳಿಗೂ ಲೂಪಸ್ಸೇ. ಅವಳಿಗೂ ಕೈ ಹಿಡಿಯುತ್ತಿತ್ತು, ಕೂದಲು ಉದುರುತ್ತಿತ್ತು, ಮುಖ ಊದುತ್ತಿತ್ತು. ಎರಡು ಸಲ ಗರ್ಭ ನಿಲ್ಲಲಿಲ್ಲ. ಕಿಡ್ನಿಯಲ್ಲಿ ಕಲ್ಲು ಎಂದು ಬಾಳೆದಿಂಡಿನ ರಸ ಕುಡಿಸಿದ್ದರು. ಹೆಸರು ಗೊತ್ತಾಗುವ ಹೊತ್ತಿಗೆ ಕಿಡ್ನಿಗಳು ಪೂರ್ತಿ ಹೋಗಿದ್ದವು. ‘ನಂಗ್ಯಾರೂ ಬಾಯಿ ಹುಣ್ಣು ಕೇಳಲಿಲ್ಲ ನೋಡು’ ಎಂದಳು, ಏನೋ ಸಣ್ಣ ಸಾಮಾನು ಮರೆತು ಬಂದವರ ಹಾಗೆ. ಅವಳಿಗೂ ನನಗೂ ನಡುವೆ ಇದ್ದದ್ದು ಒಂದು ಬೆಳಿಗ್ಗೆ ಒಬ್ಬರು ಕೇಳಿದ ನಾಲ್ಕು ಪ್ರಶ್ನೆ ಮಾತ್ರ. ಅದಕ್ಕಾಗಿ ನಾನು ಏನೂ ಮಾಡಿರಲಿಲ್ಲ, ಅವಳು ಏನೂ ತಪ್ಪು ಮಾಡಿರಲಿಲ್ಲ. ಅವಳು ಈಗಲೂ ಡಯಾಲಿಸಿಸ್‌ಗೆ ಬರುತ್ತಾಳೆ, ನನಗೆ ಫೋನ್ ಮಾಡುತ್ತಾಳೆ, ಏಲಕ್ಕಿ ಇಟ್ಕೊಂಡಿದೀಯೇನೇ ಎಂದು ತಮಾಷೆ ಮಾಡುತ್ತಾಳೆ.

ವರದಿ ಬಂತು. ಕಿಡ್ನಿಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಇನ್ನೂ ಜೀವವಿದೆ ಎಂದರು. ಕೈತುಂಬ ಸ್ಟೆರಾಯ್ಡ್ ಮಾತ್ರೆ, ತಿಂಗಳಿಗೊಮ್ಮೆ ಡ್ರಿಪ್. ಡ್ರಿಪ್ಪಿನ ಔಷಧಿ ಕ್ಯಾನ್ಸರ್‌ನವರಿಗೂ ಕೊಡುವಂಥದ್ದು ಎಂದು ಪಕ್ಕದ ಮಂಚದವರು ಹೇಳಿದ್ದು ಕೇಳಿ ಅವ್ವ ಹೆದರಿಬಿಟ್ಟಳು. ಮುಂದೆ ಮಕ್ಕಳಾಗಲು ತೊಂದರೆಯಾಗಬಹುದು, ಆಗದಂತೆ ನೋಡಿಕೊಳ್ಳೋಣ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಅವ್ವ, ಮೊದಲು ಇವಳು ಉಳಿಯಲಿ ಎಂದಳು. ಆ ಮಾತು ಅವಳ ಬಾಯಿಂದ ಬರುತ್ತದೆಂದು ನಾನೆಂದೂ ಎಣಿಸಿರಲಿಲ್ಲ.

ಹೊಳಲ್ಕೆರೆಯವರಿಗೆ ಅಪ್ಪ ತಾನೇ ಹೋಗಿ ಇದ್ದದ್ದು ಇದ್ದಂತೆ ಹೇಳಿ ಬಂದ. ಗಿರಿಜತ್ತೆ ಬೇಡವೆಂದಿದ್ದಳು, ಏನೋ ಕಾಮಾಲೆ ಎಂದರಾಯಿತು ಎಂದಿದ್ದಳು. ಅವರು ಜಗಳವಾಡಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಒಂದು ವಾರ ಬಿಟ್ಟು, ‘ಮನೆದೇವರ ಹತ್ತಿರ ಹೂವಿನ ಪ್ರಸಾದ ಕೇಳಿದೆವು, ಎಡಕ್ಕೆ ಬಿತ್ತು’ ಎಂದು ಹೇಳಿ ಕಳಿಸಿದರು. ಬೇಡ ಎನ್ನುವುದನ್ನು ನಮ್ಮ ಕಡೆ ಮನುಷ್ಯರು ಹೇಳುವುದಿಲ್ಲ, ದೇವರ ಕೈಲಿ ಹೇಳಿಸುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹುಡುಗನ ಆ ನಗು ಮಾತ್ರ ಬಹಳ ದಿನ ನೆನಪಾಗಿ ಅಳುತ್ತಿದ್ದೆ, ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಅತ್ತಿದ್ದೆ.

ಅವ್ವ ಹಾಲುರಾಮೇಶ್ವರಕ್ಕೆ ಹೋಗಿ ಬಂದಳು. ಅಲ್ಲಿಯ ಕೊಳದ ಮುಂದೆ ಕುಳಿತು ಬೇಡಿಕೊಂಡರೆ ಗಂಗಮ್ಮ ಕೊಡುತ್ತಾಳೆ ಎಂದು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಏನು ಬೇಡಿಕೊಂಡೆ ಎಂದು ಕೇಳಿದೆ. ‘ನೀರಿನ ಮುಂದೆ ಕುಂತು, ನನ್ನ ಮಗಳ ಮೈಯಾಗಿನ ನೀರು ಇಳಿಸವ್ವ ಅಂದೆ. ಇನ್ನೇನ್ ಕೇಳಲಿ’ ಅಂದಳು. ಇಬ್ಬರೂ ನಕ್ಕೆವು. ಬಹಳ ದಿನಗಳ ಮೇಲೆ ನಕ್ಕಿದ್ದೆವು.

ನೀರು ಇಳಿಯಿತು. ಮಾತ್ರೆಯೋ ಗಂಗಮ್ಮನೋ, ಅವ್ವ ಇಬ್ಬರಿಗೂ ಹಂಚುತ್ತಾಳೆ. ನೀರು ಇಳಿದ ಮೇಲೆ ಸ್ಟೆರಾಯ್ಡಿನಿಂದ ಮುಖ ಮತ್ತೆ ಊದಿತು, ಈ ಸಲ ಚೆಂದಕ್ಕಲ್ಲ, ಕುಂಬಳಕಾಯಿಯಂತೆ. ಗಲ್ಲದ ಮೇಲೆ ಸಣ್ಣ ಕೂದಲು ಬಂತು. ಬಸ್ಸಿನಲ್ಲಿ ಸಿಕ್ಕವರು, ಏನ್ ತಿಂತೀಯವ್ವ ಎಂದು ಕೇಳಿದರು. ಶಾಲೆ ಬಿಟ್ಟೆ. ಬಿಸಿಲಿಗೆ ಮುಖ ಕೊಡುವಂತಿಲ್ಲವಾದ್ದರಿಂದ ಸಂಜೆ ಹೊತ್ತು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ನಿಧಾನಕ್ಕೆ ಮಾತ್ರೆ ಇಳಿಸಿದರು, ಮುಖವೂ ಇಳಿಯಿತು, ಕಡ್ಡಿ ಪೈಲ್ವಾನ್ ಮರಳಿ ಬಂದಳು. ಅವ್ವ ಈಗ ನನ್ನ ತಟ್ಟೆಗೆ ಮುದ್ದೆ ತುರುಕುವುದಿಲ್ಲ. ನಾನು ತೆಳ್ಳಗಿದ್ದರೆ ಅವಳಿಗೆ ನೆಮ್ಮದಿ.

ಅವಳಿಗೆ ಒಂದು ಹೊಸ ಅಭ್ಯಾಸ ಬಂತು. ಮುಂಗಾಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಡಬೇಕು, ಗುಳಿ ಹಾಗೇ ನಿಂತರೆ ನೀರು ಸೇರಿದೆ ಎಂದು ಅರ್ಥ ಎಂದು ಆಸ್ಪತ್ರೆಯಲ್ಲಿ ನರ್ಸ್ ಹೇಳಿಕೊಟ್ಟಿದ್ದಳು. ದಿನಾ ಸಂಜೆ ನಾನು ಟ್ಯೂಷನ್ ಮುಗಿಸಿ ಕಾಲು ಚಾಚಿ ಕುಳಿತಾಗ ಅವ್ವ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅಪ್ಪನ ವಿಷಯ, ಹಾಲಿನ ವಿಷಯ ಏನೋ ಮಾತಾಡುತ್ತಾ ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾಳೆ. ದೊಡ್ಡವರು ಚಿಕ್ಕವರ ಕಾಲು ಮುಟ್ಟುವುದು ನಮ್ಮಲ್ಲಿ ಇಲ್ಲ, ಮುಟ್ಟಿದರೆ ಚಿಕ್ಕವರಿಗೆ ಪಾಪ. ಮೊದಮೊದಲು ನಾನು ಕಾಲು ಹಿಂದಕ್ಕೆಳೆಯುತ್ತಿದ್ದೆ. ಪಾಪ ನನಗೆ ಬರಲಿ, ನೀನು ಸುಮ್ನಿರು ಎಂದಳು. ಆಮೇಲೆ ನಾನು ಎಳೆಯಲಿಲ್ಲ. ಒತ್ತುತ್ತಾಳೆ, ಬಿಡುತ್ತಾಳೆ, ನೋಡುತ್ತಾಳೆ, ಹಾಲಿನ ಮಾತು ಮುಂದುವರಿಸುತ್ತಾಳೆ. ಅಪ್ಪ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿ ಒಳಗೆ ಹೋಗುತ್ತಾನೆ. ಅವನು ಈಗ ಮನೆಗೆ ಎಳನೀರು ತರುವುದಿಲ್ಲ, ನೆಂಟರು ಬಂದರೂ ಮಜ್ಜಿಗೆಯೇ.

ಈಚೆಗೆ ಒಂದು ಭಾನುವಾರ ಗಿರಿಜತ್ತೆ ಬಂದಳು. ಕುಂತ್ಕಳ್ರಿ ಎಂದು ಅವ್ವ ಚಾಪೆ ಹಾಸಿದಳು, ಅತ್ತೆ ಕೂರಲಿಲ್ಲ, ನೇರ ನನ್ನ ಹತ್ತಿರ ಬಂದಳು. ಮುರಿದುಬಿದ್ದ ಸಂಬಂಧಕ್ಕೆ ಅವಳಷ್ಟು ಅತ್ತವರು ಬೇರೆ ಯಾರೂ ಇಲ್ಲ. ಒಳ್ಳೆಯದನ್ನೇ ಹೇಳಬೇಕೆಂದು ಬಂದಿದ್ದಳು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ‘ಅತ್ತಿಗೆ, ಈಗ ಮುಖ ತುಂಬ್ಕೊಂಡೈತೆ ನೋಡ್ರಿ. ಮತ್ತೆ ಕಳೆ ಬಂದೈತೆ’ ಅಂದಳು.

ಅಡುಗೆಮನೆ ಬಾಗಿಲಲ್ಲಿ ಅವ್ವ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು. ಲೋಟವನ್ನು ಅಲ್ಲೇ ನೆಲಕ್ಕಿಟ್ಟಳು. ಅತ್ತೆಯನ್ನು ದಾಟಿ ಬಂದು ನನ್ನ ಮುಂದೆ ನೆಲದ ಮೇಲೆ ಕುಳಿತು, ಲಂಗದ ಅಂಚು ಸರಿಸಿ, ಮುಂಗಾಲಿಗೆ ಹೆಬ್ಬೆರಳು ಒತ್ತಿದಳು. ಬಹಳ ಹೊತ್ತು ಹಿಡಿದಳು. ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಬಿಟ್ಟಾಗ ಅಪ್ಪನೂ ಬಗ್ಗಿ ನೋಡುತ್ತಿದ್ದ.

ಗುಳಿ ಹಾಗೇ ನಿಂತಿತು.

ಅಪ್ಪ ಅಂಗಿ ಹಾಕಿಕೊಳ್ಳಲು ಒಳಗೆ ಹೋದ. ನಾನೇನ್ ತಪ್ಪಂದೆ ಎಂದು ಅತ್ತೆ ಕೇಳುತ್ತಿದ್ದಳು, ಅವಳ ಕಣ್ಣಲ್ಲಿ ನೀರು ಬಂದಿತ್ತು. ಅವ್ವ ಅವಳ ಭುಜ ಮುಟ್ಟಿ, ‘ನೀವು ಒಳ್ಳೇದೇ ಅಂದ್ರಿ ಗಿರಿಜಮ್ಮ, ನೀವು ಅಂದಿದ್ದಕ್ಕೇ ಗೊತ್ತಾಯ್ತು’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಎದ್ದೇಳು ಶೈಲಿ, ದುರ್ಗಕ್ಕೆ ಹೋಗಾಣ’ ಅಂದಳು.

ಇದನ್ನು ಬರೆಯುವಾಗ ನಾನು ಮತ್ತೆ ದೊಡ್ಡ ಮಾತ್ರೆಗೆ ಬಂದಿದ್ದೇನೆ. ಬೇಗ ಬಂದಿರಿ, ಹೆಚ್ಚು ಹಾಳಾಗಿಲ್ಲ ಎಂದರು ಮೇಡಂ. ಇನ್ನು ಎಷ್ಟು ಸಲ ಹೀಗೆ ಎಂದು ಕೇಳಿದೆ, ಅದನ್ನು ಯಾರೂ ಹೇಳಲಾರರು ಎಂದರು. ಕಿಡ್ನಿಗಳು ನನ್ನವು, ಮಾತ್ರೆ ನನ್ನದು, ಬಿಸಿಲಿಗೆ ಹೋಗದವಳು ನಾನು, ಉಪ್ಪು ಬಿಟ್ಟವಳು ನಾನು. ಇಷ್ಟೆಲ್ಲ ಮಾಡಿದ ಮೇಲೂ ನಾಯಿ ಯಾವತ್ತು ಸರಪಳಿ ಹರಿಯುತ್ತದೋ ನನ್ನ ಕೈಯಲ್ಲಿಲ್ಲ. ಅದಕ್ಕೆ ನಾನಿನ್ನೂ ಒಗ್ಗಿಕೊಂಡಿಲ್ಲ, ಒಗ್ಗಿಕೊಂಡಿದ್ದೇನೆ ಎಂದರೆ ಸುಳ್ಳಾಗುತ್ತದೆ.

ಅಂದು ದುರ್ಗದ ದಾರಿಯಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಹೊಳಲ್ಕೆರೆ ದಾಟಿದ ಮೇಲೆ, ನನ್ನನ್ನು ನೋಡದೆಯೇ ಕೇಳಿದಳು. ‘ಈ ಸಲ ನಾನೇ ಮೊದಲು ನೋಡ್ದೆ, ಅಲ್ವೇನೇ?’

ಅಂದು ಬೆಳಿಗ್ಗೆಯೇ ಬಚ್ಚಲಲ್ಲಿ ನಾನು ಮೂತ್ರದ ನೊರೆ ನೋಡಿದ್ದೆ. ಅತ್ತೆ ಬರುತ್ತಾಳೆ, ಊಟ ಮಾಡಿಕೊಂಡು ಹೋಗಲಿ, ಆಮೇಲೆ ಹೇಳೋಣ ಎಂದು ಸುಮ್ಮನಿದ್ದೆ.

‘ಹೂಂ ಅವ್ವ, ನೀನೇ ಮೊದಲು ನೋಡಿದ್ದು’ ಅಂದೆ.